ಶಾಲು ಸಾಕು, ಒಂದು ಕುರ್ಚಿ ಕೊಡಿ

ನಮಸ್ಕಾರ್ರೀ ಎಲ್ಲರಿಗೂ. ವಿಜಯಪುರದಿಂದ ಮಾತಾಡುತ್ತಿದ್ದೇನೆ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟಿದ್ದೆ. ಒಂದು ಕಾಮೆಂಟು ಓದಿದ ಮೇಲೆ ಅದನ್ನು ಬದಿಗಿಟ್ಟೆ.

ಹೋದ ವಾರ ಯುದ್ಧದಲ್ಲಿ ಸಿಕ್ಕಿಕೊಂಡ ಪ್ರಾಧ್ಯಾಪಕರ ಬಗ್ಗೆ ಎರಡು ನಿಮಿಷ ಮಾತಾಡಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಣ್ಣಾ, ಗೋಳಗುಮ್ಮಟದ ನೆಳ್ಳಾಗ ಕುಂತು ಉಕ್ರೇನಿನ ಚಿಂತಿ ಯಾಕ? ಮೊದಲ ನಮ್ಮ ಗೆಸ್ಟ್ ಲೆಕ್ಚರರ್‌ಗಳಿಗೆ ಪಗಾರ ಕೊಡಸು."

ಪಗಾರದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನೆರಳಿನ ಮಾತು.

ಗೋಳಗುಮ್ಮಟ ಕಟ್ಟಿಸಿದ ಮಹಮದ್ ಆದಿಲ್‌ಶಾಹನ ತಂದೆ ಎರಡನೇ ಇಬ್ರಾಹಿಂ. ಜನ ಜಗದ್ಗುರು ಅಂತ ಕರೆದರಲ್ವಾ, ಅವನೇ. 1589ರಲ್ಲಿ ಅಹಮದ್‌ನಗರದಲ್ಲಿ ರಕ್ತಪಾತ ಆಯಿತು. ಅಲ್ಲಿಂದ ಜೀವ ಉಳಿಸಿಕೊಂಡು ಈ ಊರಿಗೆ ಬಂದವನು ಫೆರಿಷ್ತಾ. ಹುಟ್ಟಿದ್ದು ಇರಾನಿನ ಕಡೆ. ಇಬ್ರಾಹಿಂ ಅವನಿಗೆ ಆಸರೆ ಕೊಟ್ಟ, ಇತಿಹಾಸ ಬರೆ ಅಂದ. ಅವನು ಬರೆದದ್ದನ್ನು ಇವತ್ತಿಗೂ ಜಗತ್ತು ಓದುತ್ತದೆ. ಅಂದರೆ ಓಡಿಬಂದ ವಿದ್ವಾಂಸನಿಗೆ ಕೂರಲು ಜಾಗ ಕೊಡುವುದು ಈ ಊರಿನ ಹಳೇ ರೂಢಿ. ನಾನು ಹೊಸದೇನೂ ಕೇಳುತ್ತಿಲ್ಲ. ಯುದ್ಧದಲ್ಲಿ ಕೆಲಸ ಕಳೆದುಕೊಂಡ ಪ್ರಾಧ್ಯಾಪಕರಿಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕೂತು ಕಲಿಸಲು ಒಂದು ಕುರ್ಚಿ ಕೇಳುತ್ತಿದ್ದೇನೆ.

ಈಗ 2022ಕ್ಕೆ ಬನ್ನಿ. ಮಾರ್ಚ್ 1ರಂದು ಯುದ್ಧ ನಡೆದಿದ್ದ ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಚಳಗೇರಿಯ ಹುಡುಗ ತೀರಿಕೊಂಡ. ಮೆಡಿಕಲ್ ಓದುತ್ತಿದ್ದವನು. ಆ ಸಂಜೆ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಟಿವಿ ಆರಿಸಲಿಲ್ಲ. ನಮ್ಮ ಓಣಿಯ ಒಬ್ಬ ಹುಡುಗಿಯೂ ಅದೇ ಊರಲ್ಲಿ ಓದುತ್ತಿದ್ದಳು. ಅಲ್ಲಿದ್ದವರನ್ನು ಕರೆತರಲು ನಮ್ಮ ಸರ್ಕಾರ ನಡೆಸಿದ ಆಪರೇಷನ್ ಗಂಗಾದಲ್ಲಿ ವಾಪಸ್ ಬಂದ ಸುಮಾರು 22,500 ಜನರಲ್ಲಿ ಅವಳೂ ಒಬ್ಬಳು. ಆಮೇಲೆ ತಿಂಗಳುಗಟ್ಟಲೆ ಮಾಳಿಗೆ ಮೇಲೆ ಮೊಬೈಲ್ ಹಿಡಿದು ಕ್ಲಾಸು ಕೇಳಿದಳು, ಕೆಳಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ.

ಒಂದು ದಿನ ನಾನೂ ಮಾಳಿಗೆಯಲ್ಲಿ ಇದ್ದೆ. ಪಕ್ಕದಲ್ಲಿ ಅವಳ ಅಜ್ಜಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ಫೋನಿನಲ್ಲಿ ಅವಳ ಉಕ್ರೇನಿನ ಮೇಡಂ ಪಾಠ ಮಾಡುತ್ತಾ ಮಾಡುತ್ತಾ ನಿಂತರು. ಹಿಂದಿನಿಂದ ಸೈರನ್. ಒಂದು ನಿಮಿಷ ಅಂದರು. ಲ್ಯಾಪ್‌ಟಾಪ್ ಎತ್ತಿಕೊಂಡು ಮೆಟ್ಟಿಲು ಇಳಿದರು. ಕತ್ತಲಾಯಿತು, ಗೋಡೆ ಕಂಡಿತು, ಒಂದು ಬಲ್ಬು ಕಂಡಿತು. ಕೂತರು. ಎಲ್ಲಿಗೆ ನಿಲ್ಲಿಸಿದ್ದೆ ಅಂತ ಕೇಳಿ, ಅಲ್ಲಿಂದಲೇ ಮುಂದುವರಿಸಿದರು. ಭಾಷೆ ಗೊತ್ತಿಲ್ಲದ ಅಜ್ಜಿ ಕೇಳಿದ್ದು ಒಂದೇ ಮಾತು: "ಆಕಿಗೆ ಯಾರದಾರ?"

ನಮ್ಮ ಮಕ್ಕಳನ್ನು ಕರೆತಂದೆವು. ಬಹಳ ದೊಡ್ಡ ಕೆಲಸ, ಕೈ ಮುಗಿಯುತ್ತೇನೆ. ಅವರ ಕಲಿಕೆಗೆ ದಾರಿ ಹುಡುಕಲು 2023ರ ಮಾರ್ಚ್‌ವರೆಗೂ ಸುಪ್ರೀಂ ಕೋರ್ಟಿನಲ್ಲಿ ಓಡಾಟ ನಡೆಯಿತು. ಆದರೆ ಆ ಮಕ್ಕಳಿಗೆ ಕಲಿಸಿದವರು? ಅವರಿಗೆ ಯಾರಿದ್ದಾರೆ ಅಂತ ನಮ್ಮ ಎಷ್ಟು ವಿಶ್ವವಿದ್ಯಾಲಯಗಳು ಕೇಳಿದವು?

ನಮ್ಮ ಭಾಗದ ಒಂದು ಕಾಲೇಜಿನಲ್ಲಿ ವಿಶ್ವಶಾಂತಿ ವಿಚಾರ ಸಂಕಿರಣ ಇತ್ತು. ನಾನೂ ಹೋಗಿದ್ದೆ. ದೊಡ್ಡ ಫ್ಲೆಕ್ಸು. ಎರಡು ನಿಮಿಷ ಮೌನ. ಆಮೇಲೆ ಹನ್ನೊಂದು ಜನಕ್ಕೆ ಶಾಲು, ಹಾರ. ಶಿರಾ, ಉಪ್ಪಿಟ್ಟು. ನೀರು ಹುಡುಕಿಕೊಂಡು ಮೇಲಿನ ಮಹಡಿಗೆ ಹೋದೆ. ಅಲ್ಲೊಂದು ಕೋಣೆಗೆ ಬೀಗ. ಕಿಟಕಿಯಿಂದ ನೋಡಿದೆ. ಒಳ್ಳೇ ಸಾಗವಾನಿ ಮೇಜು, ಅದರ ಮೇಲೆ ಹಳೇ ಉತ್ತರ ಪತ್ರಿಕೆಯ ಗಂಟು, ಗಂಟಿನ ಮೇಲೆ ಪಾರಿವಾಳ ಗೂಡು ಕಟ್ಟಿತ್ತು. ಪಕ್ಕದಲ್ಲಿ ಕುರ್ಚಿ. ಕೆಳಗೆ ಭಾಷಣ ನಡೆದಿದೆ, ಮೇಲೆ ಕುರ್ಚಿ ಖಾಲಿ ಬಿದ್ದಿದೆ! ನನ್ನ ಸಿಟ್ಟೆಲ್ಲ ಅಲ್ಲಿಂದಲೇ ಶುರು.

ಕೆಲವರು ಹೇಳುತ್ತಾರೆ, ವಿಶ್ವವಿದ್ಯಾಲಯಕ್ಕೆ ಯಾಕೆ ರಾಜಕೀಯ? ಕುರ್ಚಿ ಕೊಡುವುದು ರಾಜಕೀಯವೇನ್ರಿ? ಹಿಟ್ಲರ್ ಬಂದ 1933ರಲ್ಲೇ ಇಂಗ್ಲೆಂಡಿನ ವಿದ್ವಾಂಸರು ಒಂದು ಮಂಡಳಿ ಕಟ್ಟಿದರು. ಕೆಲಸ ಕಳೆದುಕೊಂಡ ಪ್ರಾಧ್ಯಾಪಕರಿಗೆ ಜಾಗ ಹುಡುಕುವುದೇ ಅದರ ಕೆಲಸ. ವಿಜ್ಞಾನಿ ರುದರ್‌ಫೋರ್ಡ್ ಅದರ ಮೊದಲ ಅಧ್ಯಕ್ಷ. ಅವರು ನೆರವಾದವರಲ್ಲಿ 16 ಮಂದಿಗೆ ಮುಂದೆ ನೊಬೆಲ್ ಬಂತು. ಆ ಮಂಡಳಿ ಬೇರೆ ಹೆಸರಿನಲ್ಲಿ ಇವತ್ತಿಗೂ ಕೆಲಸ ಮಾಡುತ್ತಿದೆ.

ನಮ್ಮ ಬೆಂಗಳೂರಿನ ಕಥೆಯನ್ನೇ ಕೇಳಿ. ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿದರು. ಇಲ್ಲೇ ಕಾಯಂ ಮಾಡಬೇಕು ಅಂತ ರಾಮನ್ ಹಟ ಹಿಡಿದರು. ಸಭೆಯಲ್ಲಿ ಇಂಗ್ಲೆಂಡಿನ ಒಬ್ಬ ಪ್ರೊಫೆಸರ್ ಎದ್ದು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯವನು ನಮಗೆ ಯಾಕೆ ಅಂದುಬಿಟ್ಟರು. ಬಾರ್ನ್ ಅಲ್ಲೇ ಕೂತು ಕೇಳಿದರು. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತುಬಿಟ್ಟೆ ಅಂತ ಅವರೇ ಬರೆದಿದ್ದಾರೆ. ಕುರ್ಚಿ ಸಿಗಲಿಲ್ಲ, 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು. ಆ ಮನುಷ್ಯ ಬೆಂಗಳೂರಿನಲ್ಲೇ ಉಳಿದಿದ್ದರೆ ಅಂತ ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಎಲ್ಲಾ ಇತ್ತು, ಕುರ್ಚಿ ಕೊಡುವ ಮನಸ್ಸು ಇರಲಿಲ್ಲ.

ಇನ್ನು ಮನಸ್ಸಿದ್ದರೆ ಏನಾಗುತ್ತದೆ ನೋಡಿ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ, 2014. ಶಾರ್ಲೊಟ್ಟಾ ಟರ್ನರ್ ಅಂತ ರಸಾಯನಶಾಸ್ತ್ರದ ಪ್ರೊಫೆಸರ್. ಅವರ ಪಿಎಚ್‌ಡಿ ವಿದ್ಯಾರ್ಥಿ ಹೆಂಡತಿ ಮಕ್ಕಳಿಗಾಗಿ ಇರಾಕಿಗೆ ಹೋಗಿ ಐಸಿಸ್ ದಾಳಿಯ ನಡುವೆ ಸಿಕ್ಕಿಕೊಂಡ. ವಾರದೊಳಗೆ ಬರದಿದ್ದರೆ ನನ್ನ ಹೆಸರು ತೆಗೆದುಬಿಡಿ ಅಂತ ಮೆಸೇಜ್ ಹಾಕಿದ. ಇವರು ಹೆಸರು ತೆಗೆಯಲಿಲ್ಲ. ನೇರ ವಿಶ್ವವಿದ್ಯಾಲಯದ ಭದ್ರತಾ ಮುಖ್ಯಸ್ಥರ ಹತ್ತಿರ ಹೋದರು. ಅವರು ಒಂದು ಭದ್ರತಾ ಕಂಪನಿಯನ್ನು ಹಿಡಿದರು. ಎರಡು ಲ್ಯಾಂಡ್ ಕ್ರೂಸರ್‌ನಲ್ಲಿ ಶಸ್ತ್ರಧಾರಿಗಳು ಹೋಗಿ ಇಡೀ ಕುಟುಂಬವನ್ನು ಎರ್ಬಿಲ್ ವಿಮಾನ ನಿಲ್ದಾಣ ಮುಟ್ಟಿಸಿದರು. ಹುಡುಗ ಪಿಎಚ್‌ಡಿ ಮುಗಿಸಿದ. ನಾನು ಗಾಡಿ ಕಳಿಸಿ ಅಂತಿಲ್ಲಪ್ಪಾ. ಕುರ್ಚಿ. ಒಂದೇ ಒಂದು ಕುರ್ಚಿ.

ವೀಸಾ ಕೇಂದ್ರ ಸರ್ಕಾರದ ಕೈಯಲ್ಲಿದೆ ಅನ್ನುತ್ತೀರಾ? ಇರಲಿ. ಇಮೇಲ್ ಐಡಿ ನಿಮ್ಮ ಕೈಯಲ್ಲಿದೆ ಅಲ್ವಾ? ಲೈಬ್ರರಿ ಪಾಸ್‌ವರ್ಡ್ ನಿಮ್ಮ ಕೈಯಲ್ಲಿದೆ ಅಲ್ವಾ? ಕಟ್ಟಡ ಬಿದ್ದಾಗ ಪ್ರಾಧ್ಯಾಪಕರಿಗೆ ಪಗಾರ ಮಾತ್ರ ಹೋಗುವುದಿಲ್ಲ. ಓದುವ ದಾರಿಯೇ ಮುಚ್ಚುತ್ತದೆ. ಉಕ್ರೇನಿನ ಡೊನೆಟ್ಸ್ಕ್ ವಿಶ್ವವಿದ್ಯಾಲಯ 2014ರಲ್ಲಿ ಊರು ಬಿಟ್ಟು ವಿನ್ನಿಟ್ಸಿಯಾಗೆ ಹೋಗಿ ಪಾಠ ಶುರು ಮಾಡಿತು. ಗಾಜಾದ ಇಸ್ಲಾಮಿಕ್ ವಿಶ್ವವಿದ್ಯಾಲಯದ ಮುಖ್ಯಸ್ಥ ಸೂಫ್ಯಾನ್ ತಾಯೆಹ್, ಭೌತಶಾಸ್ತ್ರದವರು, 2023ರ ಡಿಸೆಂಬರಿನಲ್ಲಿ ಬಾಂಬ್ ದಾಳಿಯಲ್ಲಿ ಕುಟುಂಬದ ಸಮೇತ ಹೋದರು. ಅವರ ಸಹೋದ್ಯೋಗಿಗಳು ಇನ್ನೂ ಇದ್ದಾರೆ. ವಾರಕ್ಕೊಂದು ಆನ್‌ಲೈನ್ ಪಾಠ ಅವರಿಂದ ಮಾಡಿಸಿ, ದುಡ್ಡು ಕೊಡಿ. ಇದಕ್ಕೆ ಯಾವ ವೀಸಾ ಬೇಕು?

ಪಗಾರದ ಮಾತಿಗೆ ಬರುತ್ತೇನೆ ಅಂದಿದ್ದೆ. ಗೆಸ್ಟ್ ಲೆಕ್ಚರರ್‌ಗಳ ಬಗ್ಗೆ ಈ ಚಾನೆಲ್‌ನಲ್ಲಿ ನಾಲ್ಕು ಎಪಿಸೋಡ್ ಮಾಡಿದ್ದೇನೆ, ಹುಡುಕಿ ನೋಡಿ, ಸಬ್‌ಸ್ಕ್ರೈಬ್ ಆಗಿ, ಅವರ ಮಾತು ಇನ್ನೂ ಜನಕ್ಕೆ ಮುಟ್ಟಬೇಕು. ಆದರೆ ಅಣ್ಣಾ, ಅವರಿಗೆ ತಪ್ಪಿದ ಪಗಾರ ಯಾವ ಉಕ್ರೇನಿಗೂ ಹೋಗಿಲ್ಲ. ಇಬ್ಬರೂ ಕಲಿಸುವವರು, ಇಬ್ಬರಿಗೂ ಕುರ್ಚಿ ಇಲ್ಲ. ಒಬ್ಬರ ಹಸಿವು ತೋರಿಸಿ ಇನ್ನೊಬ್ಬರ ತಾಟು ಕಸಿಯಬೇಡ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮೂರೂ ಜಿಲ್ಲೆ ಲೆಕ್ಕ ಹಾಕಿ. ಎಷ್ಟು ಕ್ಯಾಂಪಸ್ಸು, ಎಷ್ಟು ಕೋಣೆ! ಒಂದು ಕುರ್ಚಿ ಹುಟ್ಟುವುದಿಲ್ಲವಾ? ಒಂದು?

ಇನ್ನೇನು ಹೇಳಲಿ, ಬರೆದುಕೊಂಡದ್ದು ಮುಗಿಯಿತು. ಆ ಮೇಲಿನ ಮಹಡಿಯ ಕೋಣೆಯ ಕೀಲಿ ಯಾರ ಹತ್ತಿರ ಇದೆಯೋ, ಅವರು ಈ ವಿಡಿಯೋ ನೋಡುತ್ತಿದ್ದರೆ ಫೋನ್ ಮಾಡಿ. ಭಾನುವಾರ ನಾನು ಬಿಡುವಾಗಿದ್ದೇನೆ. ಕಸಬರಿಗೆ ನಾನೇ ತರುತ್ತೇನೆ.