ಬ್ರಿಟನ್ನಿನ ಚುನಾವಣೆ: ಎಡಪಂಥೀಯರ ತಕರಾರು ಏನು?

ಕೇಳುಗರೇ, ನಮಸ್ಕಾರ.

2017ರ ಬ್ರಿಟನ್ ಸಂಸತ್ ಚುನಾವಣೆಯಲ್ಲಿ ಎಡಪಂಥೀಯರಾದ ಜೆರೆಮಿ ಕಾರ್ಬಿನ್ ನಾಯಕತ್ವದ ಲೇಬರ್ ಪಕ್ಷಕ್ಕೆ 1 ಕೋಟಿ 28 ಲಕ್ಷ ಮತ ಬಿದ್ದವು. ಪಕ್ಷ ಸೋತಿತು. 2024ರ ಜುಲೈನಲ್ಲಿ ಕೀರ್ ಸ್ಟಾರ್ಮರ್ ನಾಯಕತ್ವದಲ್ಲಿ ಅದೇ ಪಕ್ಷಕ್ಕೆ ಸಿಕ್ಕಿದ್ದು ಸುಮಾರು 97 ಲಕ್ಷ, ಅಂದರೆ ನೂರಕ್ಕೆ 34. ಆದರೂ 650 ಸೀಟುಗಳಲ್ಲಿ 411 ಅದರ ಪಾಲಾದವು! ಎದುರಾಳಿಗಳ ಮತ ಒಡೆದು ಹೋಗಿತ್ತು, ಅಷ್ಟೇ. ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆಲ್ಲುವ ಇದೇ ಪದ್ಧತಿ ನಮ್ಮ ದೇಶಕ್ಕೂ ಬಂದಿದೆ, ಹಾಗಾಗಿ ಈ ಲೆಕ್ಕ ನಮಗೆ ಹೊಸದಲ್ಲ.

ಪಡೆದ ಮತಕ್ಕೆ ತಕ್ಕಷ್ಟು ಸೀಟು ಸಿಗಲಿ ಎಂದು 2022ರಲ್ಲಿ ಲೇಬರ್ ಸಮ್ಮೇಳನವೇ ನಿರ್ಣಯ ಮಾಡಿತ್ತು. ನಾಯಕರು ಅದನ್ನು ಪ್ರಣಾಳಿಕೆಗೆ ಸೇರಿಸಲಿಲ್ಲ. ಈ ವಿಷಯದಲ್ಲಿ ಪಕ್ಷದೊಳಗಿನ ಎಡಪಂಥೀಯರೂ ಒಂದೇ ಮಾತಿನವರಲ್ಲ. ಹಾಗೆ ಸೀಟು ಹಂಚಿದರೆ ಒಂದೇ ಪಕ್ಷಕ್ಕೆ ಬಹುಮತ ಸಿಗುವುದು ಕಷ್ಟ, ಸಮ್ಮಿಶ್ರ ಸರ್ಕಾರ ಬಂದರೆ ನಮ್ಮ ಕಾರ್ಯಕ್ರಮವೆಲ್ಲ ನೀರುಪಾಲು ಎಂಬ ಭಯ ಹಲವರಿಗೆ ಹಿಂದಿನಿಂದಲೂ ಇದೆ.

ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ಇನ್ನೊಂದಿದೆ. ಟಿಕೆಟ್ ಕೊಡುವವರು ಯಾರು? ಒಂದೇ ಪಕ್ಷ ಸದಾ ಗೆಲ್ಲುವ ಕ್ಷೇತ್ರದಲ್ಲಿ ಟಿಕೆಟ್ ಸಿಕ್ಕ ದಿನವೇ ಫಲಿತಾಂಶ ಬಂದ ಹಾಗೆ, ಅಲ್ವಾ? ಹಾಲಿ ಸಂಸದರೂ ಪ್ರತಿ ಸಲ ಸ್ಥಳೀಯ ಸದಸ್ಯರ ಒಪ್ಪಿಗೆ ಪಡೆಯಲೇಬೇಕು ಎಂದು ಲೇಬರ್‌ನ ಎಡಪಂಥೀಯ ನಾಯಕ ಟೋನಿ ಬೆನ್ ಮತ್ತು ಅವರ ಜೊತೆಗಾರರು ಹೋರಾಡಿದರು. 1980ರಲ್ಲಿ ಅದು ಪಕ್ಕಾ ಆಯಿತು. ಆಮೇಲೆ ಆ ನಿಯಮ ಸಡಿಲವಾಯಿತು.

ಲಂಡನ್ನಿನ ಇಸ್ಲಿಂಗ್ಟನ್ ನಾರ್ತ್ ನೋಡಿ. ಕಾರ್ಬಿನ್ 1983ರಿಂದ ಅಲ್ಲಿನ ಸಂಸದರು. ಪಕ್ಷದೊಳಗಿನ ಯಹೂದಿ ದ್ವೇಷದ ಕುರಿತ ವರದಿಯೊಂದಕ್ಕೆ ಅವರು ಕೊಟ್ಟ ಪ್ರತಿಕ್ರಿಯೆಯಿಂದ 2020ರಲ್ಲಿ ಪಕ್ಷ ಅವರನ್ನು ಅಮಾನತು ಮಾಡಿತು. ಆ ವಿಷಯ ಗಂಭೀರವಾದದ್ದೇ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ 2023ರಲ್ಲಿ ಅವರಿಗೆ ಟಿಕೆಟ್ ಇಲ್ಲ ಎಂದು ತೀರ್ಮಾನಿಸಿದ್ದು ಪಕ್ಷದ ಹೈಕಮಾಂಡ್. ಮನೆಮನೆ ಸುತ್ತಿ ಅವರಿಗಾಗಿ ಮತ ಕೇಳಿದ್ದ ಅಲ್ಲಿನ ಸದಸ್ಯರ ಕೈಯಲ್ಲಿ ಆ ನಿರ್ಧಾರ ಇರಲಿಲ್ಲ. 2024ರಲ್ಲಿ ಕಾರ್ಬಿನ್ ಪಕ್ಷೇತರರಾಗಿ ನಿಂತರು. 24,120 ಮತ ಪಡೆದು, ಲೇಬರ್ ಅಭ್ಯರ್ಥಿ ಪ್ರಫುಲ್ ನರಗುಂದ ಅವರನ್ನು 7,000ಕ್ಕೂ ಜಾಸ್ತಿ ಅಂತರದಿಂದ ಸೋಲಿಸಿದರು. ನರಗುಂದ ಅಂದ ಕೂಡಲೇ ನಮ್ಮ ಕಡೆಯವರ ಕಿವಿ ನೆಟ್ಟಗಾಗುತ್ತದೆ.

ಜನ ಹೈಕಮಾಂಡ್‌ಗೆ ಪಾಠ ಕಲಿಸಿದರು ಎಂದು ಹಲವರು ಸಂಭ್ರಮಿಸಿದರು. ನನಗೆ ಅಷ್ಟು ಸಮಾಧಾನ ಆಗಲಿಲ್ಲ. ಕಾರ್ಬಿನ್ ಅವರಿಗೆ ನಾಲ್ಕು ದಶಕದ ಹೆಸರಿತ್ತು, ಕ್ಷೇತ್ರದ ಬೀದಿಬೀದಿಯ ಪರಿಚಯವಿತ್ತು. ಮೊದಲ ಸಲ ನಿಲ್ಲಲು ಹೊರಟ ಒಬ್ಬ ನರ್ಸ್‌ಗೋ ಬಸ್ ಡ್ರೈವರ್‌ಗೋ ಹೀಗೆ ಟಿಕೆಟ್ ತಪ್ಪಿಸಿದ್ದರೆ, ಅವರ ಹೆಸರು ಮತಪತ್ರದವರೆಗೂ ಬರುತ್ತಿರಲಿಲ್ಲ.