ಬೀಳುವವನ ಕಡೆ ನೋಡಿ

ಕೇಳುಗರೇ, ನಮಸ್ಕಾರ.

ಕುಂಗ್ ಫೂ ಸಿನಿಮಾದ ಬಗ್ಗೆ ರೇಡಿಯೋದಲ್ಲಿ ಮಾತಾಡಲು ಕೂತರೆ ಒಂದು ಫಜೀತಿ. ಒದೆತವನ್ನು ತೋರಿಸಲು ಆಗುವುದಿಲ್ಲ. ಆದರೆ ಅದರ ಸದ್ದು ನಿಮ್ಮ ಕಿವಿಯಲ್ಲಿ ಆಗಲೇ ಇದೆ, ಅಲ್ವಾ? ಕೈ ಬೀಸಿದರೆ ಸುಯ್, ಬಿದ್ದರೆ ಧಪ್. ಹುಡುಗನಾಗಿದ್ದಾಗ ನಾನು ಗೋಡೆಯ ಎದುರು ನಿಂತು ಒಬ್ಬನೇ ಹೊಡೆದಾಡುತ್ತಿದ್ದೆ. ಸದ್ದನ್ನೂ ನಾನೇ ಬಾಯಲ್ಲಿ ಮಾಡಬೇಕಿತ್ತು. ಹಾಂಕಾಂಗ್‌ನವರು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆ ಕಾಲದಲ್ಲಿ ಅಲ್ಲಿನ ಹೆಚ್ಚಿನ ಚಿತ್ರಗಳಿಗೆ ಶೂಟಿಂಗ್ ಹೊತ್ತಿನಲ್ಲಿ ಧ್ವನಿ ಹಿಡಿಯುತ್ತಲೇ ಇರಲಿಲ್ಲ. ಮಾತು, ಏಟು, ಕೂಗು ಎಲ್ಲವನ್ನೂ ಆಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು. ಅಂದರೆ ನನ್ನ ಪದ್ಧತಿ ಸರಿಯಾಗಿಯೇ ಇತ್ತು.

ನನಗೆ ದೇವರೆಂದರೆ ಬ್ರೂಸ್ ಲೀ. ಪ್ರೀತಿ ಜಾಸ್ತಿ, ಅದಕ್ಕೇ ಏಕವಚನದಲ್ಲಿ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1940ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಹಾಂಕಾಂಗ್‌ನಲ್ಲಿ ಬೆಳೆದು, ಇಪ್ ಮ್ಯಾನ್ ಎಂಬ ಗುರುವಿನ ಹತ್ತಿರ ವಿಂಗ್ ಚುನ್ ಎಂಬ ಕುಂಗ್ ಫೂ ಶೈಲಿ ಕಲಿತವನು. 1973ರ ಜುಲೈನಲ್ಲಿ ತೀರಿಕೊಂಡಾಗ ಬರೀ 32 ವರ್ಷ. ನಾಯಕನಾಗಿ ಪೂರ್ತಿ ಮಾಡಿ ಮುಗಿಸಿದ ಕುಂಗ್ ಫೂ ಚಿತ್ರಗಳು ನಾಲ್ಕೇ ನಾಲ್ಕು. ಕೊನೆಯದು, ‘ಎಂಟರ್ ದಿ ಡ್ರ್ಯಾಗನ್’, ತೆರೆಗೆ ಬರುವಷ್ಟರಲ್ಲಿ ಅವನೇ ಇರಲಿಲ್ಲ.

ಅವನ ಕೈಯಲ್ಲಿ ತಿರುಗುತ್ತಿದ್ದ ನಂಚಾಕು ನೆನಪಿರಬೇಕು. ಎರಡು ಕೋಲು, ನಡುವೆ ಸರಪಳಿ. ನಾನು ನೆಲ ಒರೆಸುವ ಕೋಲನ್ನು ಎರಡು ತುಂಡು ಮಾಡಿ, ಹಗ್ಗ ಕಟ್ಟಿ ಒಂದನ್ನು ತಯಾರಿಸಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಭುಜದ ಹಿಂದೆ ಹೋದ ಕೋಲು ನಾನು ಕಾಯುತ್ತಿದ್ದ ಕಡೆಗೆ ಬರದೆ ಮೊಣಕೈ ಮೂಳೆಗೆ ಬಂದು ಬಡಿಯಿತು. ಬೆರಳ ತುದಿಯವರೆಗೆ ಜುಮ್ ಎಂದಿತು. ಅಳುವಂತಿಲ್ಲ, ಬಿಡುವಂತಿಲ್ಲ. ಮನೆಯಲ್ಲಿ ಕೋಲು ಎಲ್ಲಿ ಹೋಯಿತು ಎಂದು ವಿಚಾರಣೆ ಆಯಿತು. ಮೊಣಕೈ ಬಗ್ಗೆ ಯಾರೂ ಕೇಳಲಿಲ್ಲ.

ಕೊನೆಗೆ ಒಂದು ಜೂಡೋ ತರಗತಿಗೆ ಸೇರಿದೆ. ಕುಂಗ್ ಫೂ ಕಲಿಸುವವರು ಸಿಗಲಿಲ್ಲ, ಬಿಳಿ ಬಟ್ಟೆಯಾದರೂ ಸಿಕ್ಕಿತಲ್ಲ ಎಂಬ ಸಮಾಧಾನ. ಜಪಾನಿನಲ್ಲಿ 1882ರಲ್ಲಿ ಜಿಗೊರೊ ಕಾನೊ ಶುರು ಮಾಡಿದ ವಿದ್ಯೆ ಅದು. ಮೊದಲ ದಿನವೇ ಯಾರನ್ನಾದರೂ ಎತ್ತಿ ಒಗೆಯಬಹುದು ಎಂದುಕೊಂಡು ಹೋದವನಿಗೆ ಮೇಷ್ಟ್ರು ಹೇಳಿದ್ದು ಒಂದೇ ಮಾತು: ಬೀಳು. ಮಾರನೇ ದಿನವೂ ಬೀಳು. ವಾರಗಟ್ಟಲೆ ಬಿದ್ದೆವು.

ಬೀಳುವುದಕ್ಕೂ ಒಂದು ಕ್ರಮವಿದೆ. ಮೊದಲು ಗದ್ದ ಎದೆಗೆ ಒತ್ತಬೇಕು, ಇಲ್ಲದಿದ್ದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯುತ್ತದೆ. ಬೆನ್ನು ತಾಗುವ ಹೊತ್ತಿಗೆ ಸರಿಯಾಗಿ ಎರಡೂ ಕೈ ಚಾಚಿ, ಅಂಗೈಯಿಂದ ಮೊಣಕೈವರೆಗೂ ಮ್ಯಾಟಿನ ಮೇಲೆ ಬಾರಿಸಬೇಕು. ಆಗ ಪೆಟ್ಟು ಒಂದೇ ಕಡೆ ನಾಟದೆ ಹರಡಿಕೊಳ್ಳುತ್ತದೆ. ಉಸಿರು ಬಿಗಿ ಹಿಡಿಯಬಾರದು, ಬಿಡಬೇಕು. ಕೇಳಲು ಸುಲಭ. ಆದರೆ ಬೀಳುವಾಗ ಹಿಂದಕ್ಕೆ ಕೈ ಊರುವುದು ಮನುಷ್ಯನ ಸ್ವಭಾವ, ಮಣಿಕಟ್ಟು ಮುರಿಯುವುದೂ ಆ ಸ್ವಭಾವದಿಂದಲೇ. ಅದನ್ನು ಮೈಯಿಂದ ಬಿಡಿಸಲು ಮೇಷ್ಟ್ರಿಗೆ ಅಷ್ಟು ದಿನ ಬೇಕಾಯಿತು.

ಇದಾದ ಮೇಲೆ ನನ್ನ ಸಿನಿಮಾ ನೋಡುವ ಚಟ ಹೋಗಲಿಲ್ಲ, ಕಣ್ಣು ಮಾತ್ರ ಜಾಗ ಬದಲಿಸಿತು. ಒದ್ದವನನ್ನು ಬಿಟ್ಟು ಒದೆ ತಿಂದವನನ್ನು ನೋಡತೊಡಗಿದೆ. ನೀವೂ ಒಮ್ಮೆ ನೋಡಿ. ಕಾಲು ಎದೆ ಮುಟ್ಟುವ ಮೊದಲೇ ಅವನ ಮಂಡಿ ಬಾಗಿರುತ್ತದೆ, ಗದ್ದ ಒಳಗೆ ಹೋಗಿರುತ್ತದೆ. ಅಷ್ಟು ದೂರ ಹಾರುವುದರಲ್ಲಿ ಮುಕ್ಕಾಲು ಪಾಲು ಅವನದೇ ಕೆಲಸ. ಅವನು ಸುಮ್ನೆ ನಿಂತುಬಿಟ್ಟರೆ ನಾಯಕನ ಒದೆತಕ್ಕೆ ಬೆಲೆಯೇ ಇಲ್ಲ. ಹಳೆಯ ಹಾಂಕಾಂಗ್ ಚಿತ್ರಗಳಲ್ಲಿ ಕ್ಯಾಮೆರಾ ಕೊಂಚ ದೂರ ನಿಲ್ಲುತ್ತಿತ್ತು, ಹಾಗಾಗಿ ತಲೆಯಿಂದ ಪಾದದವರೆಗೂ ಎಲ್ಲ ಕಾಣುತ್ತಿತ್ತು. ಈಗಿನ ಎಷ್ಟೋ ಚಿತ್ರಗಳಲ್ಲಿ ಒಂದು ಮುಷ್ಟಿ, ಒಂದು ಮುಖ, ಮತ್ತೊಂದು ಮುಷ್ಟಿ. ಯಾರು ಬಿದ್ದರೋ ಎದ್ದರೋ ಒಂದೂ ತಿಳಿಯುವುದಿಲ್ಲ. ನನಗಂತೂ ಅದು ಹೊಡೆದಾಟ ಅನ್ನಿಸುವುದಿಲ್ಲ.

ಹೀಗೆ ನೋಡುತ್ತಿದ್ದಾಗಲೇ ಒಂದು ಸಂಗತಿ ತಿಳಿದು ದಂಗಾದೆ. 1972ರ ‘ಫಿಸ್ಟ್ ಆಫ್ ಫ್ಯೂರಿ’ಯ ಕೊನೆಗೆ ಬ್ರೂಸ್ ಲೀ ಒದ್ದ ರಭಸಕ್ಕೆ ಖಳನಾಯಕ ಗಾಳಿಯಲ್ಲಿ ಹಾರಿ ಹೊರಗೆ ಬೀಳುತ್ತಾನೆ. ಆ ನಟನ ಬದಲಿಗೆ ಹಾರಿದ್ದು ಜಾಕಿ ಚಾನ್. ಆಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. ‘ಎಂಟರ್ ದಿ ಡ್ರ್ಯಾಗನ್’ನಲ್ಲೂ ಇದ್ದಾನೆ. ಬ್ರೂಸ್ ಲೀ ಒಬ್ಬನ ಕೂದಲು ಹಿಡಿದು ಕತ್ತು ಮುರಿಯುತ್ತಾನಲ್ಲ, ಅವನೇ. ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೆನೋ, ಆ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಜಾಕಿ ಬೆಳೆದದ್ದು ಹಾಂಕಾಂಗ್‌ನ ಒಂದು ಚೀನೀ ರಂಗಶಾಲೆಯಲ್ಲಿ. ಹಾಡು, ಲಾಗ, ಕತ್ತಿವರಸೆ, ಜೊತೆಗೆ ಬೆತ್ತದ ಏಟು. ಹತ್ತು ವರ್ಷ ಅಲ್ಲೇ. ಹೊರಬರುವ ಹೊತ್ತಿಗೆ ಆ ನಾಟಕ ನೋಡುವವರು ಕಡಿಮೆಯಾಗಿದ್ದರು. ಲಾಗ ಹಾಕಬಲ್ಲ ಹುಡುಗರಿಗೆ ಉಳಿದದ್ದು ಸಿನಿಮಾದಲ್ಲಿ ಬೀಳುವ ಕೆಲಸ. ಮುಂದೆ ನಾಯಕನಾದಾಗಲೂ ಅವನು ಆ ಕೆಲಸ ಬಿಡಲಿಲ್ಲ ನೋಡಿ. ಯಾರಿಗಾದರೂ ಗುದ್ದಿದರೆ ತನ್ನ ಕೈಯನ್ನೇ ಕೊಡವಿಕೊಂಡು ಮುಖ ಹಿಂಡುತ್ತಾನೆ. 1983ರ ‘ಪ್ರಾಜೆಕ್ಟ್ ಎ’ಯಲ್ಲಿ ಗಡಿಯಾರದ ಗೋಪುರದಿಂದ ಕೈಬಿಟ್ಟು, ಎರಡು ಬಟ್ಟೆಯ ಚಪ್ಪರ ಹರಿದುಕೊಂಡು ನೆಲಕ್ಕೆ ಬರುತ್ತಾನೆ. ಅಲ್ಲಿ ಪಾರಾದ. ಆಮೇಲೆ ಯುಗೋಸ್ಲಾವಿಯಾದಲ್ಲಿ ‘ಆರ್ಮರ್ ಆಫ್ ಗಾಡ್’ ಚಿತ್ರಕ್ಕೆ ಒಂದು ಮರಕ್ಕೆ ಜಿಗಿಯಬೇಕಿತ್ತು, ಅವನ ಮಟ್ಟಿಗೆ ಸಣ್ಣ ಸಾಹಸ. ಮೊದಲ ಟೇಕ್ ಚೆನ್ನಾಗಿಯೇ ಬಂದಿತ್ತು. ಇನ್ನೊಂದು ಸಲ ಅಂದ. ಬಿದ್ದು ತಲೆಬುರುಡೆ ಒಡೆಯಿತು, ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ತಲೆಯಲ್ಲಿ ಆ ಗುಳಿ ಇನ್ನೂ ಇದೆ.

ನಾನು ಜೂಡೋ ಬಿಟ್ಟು ಬಹಳ ವರ್ಷಗಳಾದವು. ಯಾರನ್ನಾದರೂ ಎತ್ತಿ ಒಗೆಯುವ ಪಟ್ಟುಗಳು ಮರೆತೇ ಹೋಗಿವೆ. ಮೊನ್ನೆ ಆಗಷ್ಟೇ ಒರೆಸಿದ ನೆಲದ ಮೇಲೆ ಕಾಲಿಟ್ಟೆ. ಆ ಕೋಲಿಗೆ ನನ್ನ ಮೇಲೆ ಹಳೇ ಸಿಟ್ಟು ಇದ್ದಿರಬೇಕು. ಜಾರಿದ್ದು ಗೊತ್ತಾಗುವ ಮೊದಲೇ ಗದ್ದ ಎದೆಗೆ ಹೋಗಿತ್ತು, ಎರಡೂ ಕೈ ನೆಲಕ್ಕೆ ಬಾರಿಸಿದ್ದವು. ಧಪ್! ನೆಲ ಮ್ಯಾಟ್ ಅಲ್ಲವಲ್ಲ, ಅಂಗೈ ಅರ್ಧ ಗಂಟೆ ಉರಿಯಿತು. ತಲೆ ನೆಲ ಮುಟ್ಟಲಿಲ್ಲ.

ಒಳಗಿನಿಂದ ಕೂಗು ಬಂತು, “ಏನ್ರೀ ಅದು ಬಿದ್ದಿದ್ದು?”

“ಏನಿಲ್ಲ, ನಾನೇ” ಅಂದೆ.

ನಮಸ್ಕಾರ.