ವಿಜಯಪುರದ ಜೋಳ ಕಡಲು ದಾಟಿ ಬಂದ ಕತೆ

(ದೃಶ್ಯ: ಡೋಣಿ ಹೊಳೆಯ ದಂಡೆಯ ಎರೆಹೊಲ, ತೂಗುವ ಬಿಳಿಜೋಳದ ತೆನೆ)

"ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಅಂತಾರೆ ನಮ್ಮ ವಿಜಯಪುರದ ಕಡೆ. ಆದರೆ ಜೋಳದ ತವರು ಡೋಣಿ ದಂಡೆಯಲ್ಲ, ಆಫ್ರಿಕಾದ ಸುಡಾನ್ ಸೀಮೆ.

ಅದು ಗೊತ್ತಾದದ್ದು ಹೇಗೆ? ಪೂರ್ವ ಸುಡಾನಿನಲ್ಲಿ 5,000 ವರ್ಷಕ್ಕೂ ಹಳೆಯ ಮಡಕೆ ಚೂರುಗಳು ಸಿಕ್ಕಿವೆ. ಮಡಕೆ ಮಾಡುವವರು ಮಣ್ಣಿಗೆ ಜೋಳದ ಹೊಟ್ಟು ಕಲಸುತ್ತಿದ್ದರು. ಸುಟ್ಟಾಗ ಹೊಟ್ಟು ಉರಿದುಹೋಯಿತು, ಅದರ ಅಚ್ಚು ಮಾತ್ರ ಉಳಿಯಿತು.

(ದೃಶ್ಯ: ಮಡಕೆ ಚೂರು, ತೀರಾ ಹತ್ತಿರದಿಂದ)

ಕಾಡುಜೋಳ ಬಲಿತ ಕೂಡಲೇ ತಾನಾಗಿ ಉದುರುತ್ತದೆ, ತೊಟ್ಟಿನ ಜಾಗ ನುಣ್ಣಗಿರುತ್ತದೆ. ಹೊಲದ ಜೋಳ ಹಾಗಲ್ಲ, ಕಾಳು ತೆನೆಯನ್ನು ಬಿಟ್ಟು ಉದುರುವುದೇ ಇಲ್ಲ. ಬಡಿದು ರಾಶಿ ಮಾಡಬೇಕು, ಅಲ್ವಾ? ಆ ಅಚ್ಚುಗಳಲ್ಲಿ ಕಿತ್ತುಬಂದ ತೊಟ್ಟಿನ ಗುರುತೂ ಇದೆ. ಅಂದರೆ ಅಲ್ಲಿ ಆಗಲೇ ರಾಶಿ ನಡೆಯುತ್ತಿತ್ತು! 2017ರಲ್ಲಿ ಈ ಸಂಶೋಧನೆ ಪ್ರಕಟವಾದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

(ದೃಶ್ಯ: ಅರಬ್ಬಿ ಸಮುದ್ರದ ನಕ್ಷೆ, ಗಾಳಿಯ ಬಾಣಗಳು)

ಜೋಳ ಭಾರತಕ್ಕೆ ಬಂದದ್ದು ಸುಮಾರು 4,000 ವರ್ಷಗಳ ಹಿಂದೆ, ಹರಪ್ಪ ನಾಗರಿಕತೆ ಇಳಿಮುಖವಾದ ಕಾಲಕ್ಕೆ. ಅರೇಬಿಯಾದ ತೀರದ ಜೊತೆ ವ್ಯವಹಾರವಿದ್ದ ದೋಣಿಗಳೇ ತಂದಿರಬೇಕು ಅನ್ನುವುದು ಹೆಚ್ಚಿನ ವಿದ್ವಾಂಸರ ಮಾತು. ಬೇಸಿಗೆ ಮುಗಿದ ಮೇಲೆ ಗಾಳಿ ಆಫ್ರಿಕಾ ಕಡೆಯಿಂದ ನಮ್ಮತ್ತ ಬೀಸುತ್ತದೆ, ಚಳಿಗಾಲದಲ್ಲಿ ತಿರುಗಿ ಆ ಕಡೆಗೆ. ಹಾಯಿಗೆ ಇನ್ನೇನು ಬೇಕು? ಇದನ್ನು ಯಾವ ರಾಜನೂ ಕಳಿಸಿದ್ದಲ್ಲ ಅನ್ನಿಸುತ್ತದೆ ನನಗೆ. ನಾವಿಕರ ಬುತ್ತಿಯಲ್ಲಿ ಉಳಿದ ಕಾಳನ್ನು ಯಾರೋ ಬಿತ್ತಿ ನೋಡಿರಬೇಕು. ರಾಗಿ, ಅಲಸಂದೆ, ಅವರೆ ಕೂಡ ಆಫ್ರಿಕಾದಿಂದಲೇ ಬಂದವು.

ನಮ್ಮಲ್ಲಿ ಜೋಳ ಇಷ್ಟು ಚೆನ್ನಾಗಿ ನೆಲೆನಿಂತದ್ದಕ್ಕೆ ಎರೆಮಣ್ಣೇ ಕಾರಣ. ಮಳೆಯ ಹಸಿಯನ್ನು ಅದು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಹಿಂಗಾರಿಗೆ ಬಿತ್ತಿದ ಜೋಳ ಆಮೇಲೆ ಮಳೆ ಕೈಕೊಟ್ಟರೂ ಆ ಹಸಿಯ ಮೇಲೇ ತೆನೆ ಕಟ್ಟುತ್ತದೆ.

(ದೃಶ್ಯ: ಹಂಚಿನ ಮೇಲೆ ರೊಟ್ಟಿ)

ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತೀರಲ್ಲ? ಸಜ್ಜೆ ಪಶ್ಚಿಮ ಆಫ್ರಿಕಾದ ಒಣಭೂಮಿಯದು. ಎಳ್ಳು ಮಾತ್ರ ಇದೇ ನೆಲದ್ದು, ಅದು ಹೋದದ್ದು ಆ ಕಡೆಗೆ. 3,300 ವರ್ಷಗಳ ಹಿಂದಿನ ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಸಮಾಧಿಯಲ್ಲೂ ಎಳ್ಳು ಸಿಕ್ಕಿದೆ.

ನಿಮ್ಮ ಮನೆಯ ಹಿರಿಯರು ಬಿತ್ತುತ್ತಿದ್ದ ಹಳೇ ಜೋಳದ ತಳಿಗಳ ಹೆಸರು ಗೊತ್ತಿದ್ದರೆ ದಯವಿಟ್ಟು ಕಾಮೆಂಟಿನಲ್ಲಿ ಬರೆಯಿರಿ. ಊರಿನ ಹೆಸರೂ ಇರಲಿ.